ಎಲೀಶಪ್ಪನ ಮಣ್ಣು

ನಮ್ಮ ಊರಿನ ದೇವಾಲಯದಲ್ಲಿ ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದಾಗ, ವೇದಿಕೆಯ ಮೇಲಿನ ದೊಡ್ಡ ಬೈಬಲು ತಾನಾಗಿ ಯಾವುದೋ ಒಂದು ಪುಟಕ್ಕೆ ತೆರೆದುಕೊಂಡಿರುತ್ತದೆ. ಆ ಪುಟದಲ್ಲಿ ಒಂದೇ ಒಂದು ಸಾಲು ಒದ್ದೆಯಾಗಿರುತ್ತದೆ. ಮಳೆಗಾಲವಿರಲಿ, ಬಿಸಿಲಿಗೆ ನೆಲ ಬಿರಿದಿರಲಿ, ಬೆರಳಿಟ್ಟರೆ ತಣ್ಣಗೆ ಹತ್ತುವಷ್ಟು ಒದ್ದೆ. ಉಪದೇಶಿಗಳು ಆ ಸಾಲನ್ನು ಓದುತ್ತಾರೆ. ಊರು ಆ ವಾರವೆಲ್ಲ ಅದರಂತೆ ನಡೆಯುತ್ತದೆ. ಓದಿಯಾದ ಮೇಲೆ ಪುಟಕ್ಕೆ ಒಂದು ಬಿಳಿ ಬಟ್ಟೆ ಹೊದಿಸುತ್ತಾರೆ. ಅದರ ನಡುವೆ ಒಂದು ಸಾಲಿನ ಅಗಲಕ್ಕೆ ಸೀಳು ಬಿಟ್ಟಿರುತ್ತದೆ. ಯಾರಾದರೂ ಮರೆತರೆ ಹೋಗಿ ಆ ಸೀಳಿನಲ್ಲಿ ನೋಡಿಕೊಂಡು ಬರಬಹುದು.

ಇದು ಯಾವಾಗ ಶುರುವಾಯಿತೆಂದು ಯಾರೂ ಕೇಳಿದವರಲ್ಲ. ನಮಗೆ ಅದು ಸಂತೆಯ ದಿನ ಗೊತ್ತಿರುವ ಹಾಗೆ ಗೊತ್ತಿತ್ತು, ಅಷ್ಟೇ. ನಾಳೆಯ ಚಿಂತೆ ಮಾಡಬೇಡಿ ಎಂಬ ಸಾಲು ಬಂದ ವಾರ ಯಾವ ಮನೆಯಲ್ಲೂ ರಾತ್ರಿ ಬೇಳೆ ನೆನೆಹಾಕುವುದಿಲ್ಲ, ಹಾಲಿಗೆ ಹೆಪ್ಪು ಹಾಕುವುದಿಲ್ಲ. ಊರಿಗೆ ಊರೇ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತದೆ. ನಿಮ್ಮ ಮಾತು ಹೌದು ಎಂದರೆ ಹೌದು, ಅಲ್ಲ ಎಂದರೆ ಅಲ್ಲ ಎಂದಿರಲಿ ಎಂಬ ವಾರ ಸಂತೆಯಲ್ಲಿ ಚೌಕಾಶಿಗೆ ಜಾಗವಿಲ್ಲದೆ ಮಧ್ಯಾಹ್ನಕ್ಕೆ ಮುಂಚೆ ವ್ಯಾಪಾರ ಮುಗಿದುಹೋಗುತ್ತದೆ. ಒಬ್ಬರ ಕಾಲನ್ನೊಬ್ಬರು ತೊಳೆಯುವ ವಾರ ಜಗಳವಾಡಿದವರೆಲ್ಲ ಬಾವಿಯ ಕಡೆಯ ದಾರಿ ತಪ್ಪಿಸಿಕೊಂಡು ಓಡಾಡುತ್ತಾರೆ. ಒಮ್ಮೆ, ಪಾಪಮಾಡಿಸುವ ಬಲಗೈಯನ್ನು ಕಡಿದುಹಾಕು ಎಂಬ ಸಾಲು ಬಂದಿತ್ತು. ಹಿರಿಯರು ಕೂತು ಮಾತಾಡಿ ಆ ವಾರ ಎಲ್ಲರೂ ಬಲಗೈಯನ್ನು ಕೊರಳಿಗೆ ಕಟ್ಟಿಕೊಂಡಿರಬೇಕೆಂದು ಗೊತ್ತುಮಾಡಿದರು. ಎಡಗೈಯಲ್ಲಿ ರೊಟ್ಟಿ ಬಡಿಯುವುದನ್ನು ನಮ್ಮ ಹೆಂಗಸರು ಆಗಲೇ ಕಲಿತದ್ದು.

ಮಿರ್ಯಾಮವ್ವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆಕೆ ಊರ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಳು, ಭಾನುವಾರ ಮೇಳಕ್ಕೆ ಹಾಡು ಎತ್ತಿಕೊಡುತ್ತಿದ್ದಳು. ವಾರದ ಸಾಲನ್ನು ಮಕ್ಕಳ ಬಾಯಲ್ಲಿ ಹೇಳಿಸುವುದೂ ಅವಳ ಕೆಲಸವೇ. ಗಂಡ ಎಲೀಶಪ್ಪ ಬಡಿಗ. ಸುವಾರ್ತಪ್ಪ ಎಂಬ ಗೆಳೆಯನ ಜೊತೆ ಕೂಡಿ ಬಾಗಿಲು, ತೊಟ್ಟಿಲು, ಗಾಡಿಯ ಗಾಲಿ ಮಾಡಿಕೊಂಡಿದ್ದ. ಇಬ್ಬರೂ ಮೀಸೆ ಮೂಡುವ ಮೊದಲಿನಿಂದ ಒಂದೇ ಗರಗಸದ ಎರಡು ತುದಿ ಹಿಡಿದವರು. ಎಲೀಶಪ್ಪ ನಗಿಸುವ ಮನುಷ್ಯ, ಸುವಾರ್ತಪ್ಪ ನಗುವುದಕ್ಕೆ ಮುಂಚೆ ಯೋಚನೆ ಮಾಡುವ ಮನುಷ್ಯ. ಮಿರ್ಯಾಮವ್ವನಿಗೆ ಮಕ್ಕಳಾಗಲಿಲ್ಲ. ಆ ಮನೆಯಲ್ಲಿ ಮಾತೆಲ್ಲ ಅವರಿಬ್ಬರ ನಡುವೆಯೇ ನಡೆಯುತ್ತಿತ್ತು, ಗೋಡೆಯ ಈಚೆ ನಮಗೂ ಅಷ್ಟಿಷ್ಟು ಕೇಳಿಸುತ್ತಿತ್ತು.

ಆ ಭಾನುವಾರ ಉಪದೇಶಿ ಜ್ಞಾನಮಿತ್ರರು ಕನ್ನಡಕ ಸರಿಮಾಡಿಕೊಂಡು, ಸತ್ತವರೇ ತಮ್ಮ ಸತ್ತವರನ್ನು ಹೂಣಿಡಲಿ, ಎಂದು ಓದಿದರು. ಸಭೆಯಲ್ಲಿ ಒಂದು ನಿರಾಳ ಹಬ್ಬಿತು. ಊರಲ್ಲಿ ಯಾರೂ ಹಾಸಿಗೆ ಹಿಡಿದಿರಲಿಲ್ಲ. ಬೇಳೆ ನೆನೆಹಾಕಬಹುದು, ಚೌಕಾಶಿ ಮಾಡಬಹುದು, ಎರಡೂ ಕೈ ಬಳಸಬಹುದು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ ಎಲೀಶಪ್ಪ, "ಈ ವಾರ ಒಬ್ರೂ ಸಾಯಬ್ಯಾಡ್ರೀಪಾ, ಭಾಳ ತ್ರಾಸ ಆಕೈತಿ," ಎಂದ. ಎಲ್ಲರೂ ನಕ್ಕರು.

ಬುಧವಾರ ಬೆಳಿಗ್ಗೆ ಅವನು ತಮ್ಮ ಮರಗೆಲಸದ ಕಾರ್ಖಾನೆಯಲ್ಲಿ ಒಂದು ಹಲಗೆಗೆ ಕೀಸುಳಿ ಹಾಕುತ್ತಿದ್ದಾಗ, ಎದೆಯ ಮೇಲೆ ಕೈಯಿಟ್ಟುಕೊಂಡು ಕೂತ. ನೀರು ತರಲು ಒಳಗೆ ಹೋದ ಸುವಾರ್ತಪ್ಪ ಬರುವಷ್ಟರಲ್ಲಿ ಅವನ ಜೀವ ಹೋಗಿಬಿಟ್ಟಿತ್ತು.

ಊರೆಲ್ಲ ಮಿರ್ಯಾಮವ್ವನ ಮನೆಗೆ ಬಂತು. ಅಳುವವರು ಅತ್ತರು, ಅಡಿಗೆ ತರುವವರು ತಂದರು. ಹೆಂಗಸರು ನೀರು ಕಾಸಿ ಮೈ ತೊಳೆದರು. ಸುವಾರ್ತಪ್ಪ ಕಾರ್ಖಾನೆಗೆ ವಾಪಸು ಹೋಗಿ, ತಮಗಾಗಿ ಎತ್ತಿಟ್ಟಿದ್ದ ಒಳ್ಳೆಯ ಸಾಗುವಾನಿ ಹಲಗೆಗಳನ್ನು ಇಳಿಸಿ ಪೆಟ್ಟಿಗೆ ಮಾಡಿದ. ಮೂಲೆಗಳನ್ನು ಮೊಳೆ ಹೊಡೆಯದೆ ಕಚ್ಚುಹಾಕಿಯೇ ಕೂಡಿಸಿದ್ದ, ಎಲೀಶಪ್ಪ ತೊಟ್ಟಿಲುಗಳಿಗೆ ಮಾಡುತ್ತಿದ್ದ ಹಾಗೆ. ಅದನ್ನು ಹೊತ್ತು ತಂದು ಪಡಸಾಲೆಯಲ್ಲಿಟ್ಟು ಗೆಳೆಯನ ಕಾಲ ಬಳಿ ಕೂತ. ಎಲ್ಲವೂ ಆಗುವ ಹಾಗೆಯೇ ಆಯಿತು. ಆದರೆ ಕುಣಿ ತೋಡುವ ಮಾತನ್ನು ಯಾರೂ ಎತ್ತಲಿಲ್ಲ.

ಹೊತ್ತು ಏರಿತು. ಬೇಸಗೆಯ ಬಿಸಿಲು. ಗಂಡಸರು ಅಂಗಳದಲ್ಲಿ ನಿಂತು ತಗ್ಗಿದ ದನಿಯಲ್ಲಿ ಮಾತಾಡಿಕೊಂಡರು. ಒಬ್ಬರು ಪಕ್ಕದ ಊರಿನವರನ್ನು ಕರೆಸೋಣ ಎಂದರು; ಅವರೂ ಬದುಕಿರುವವರೇ ಅಲ್ಲವೇ ಎಂದರು ಇನ್ನೊಬ್ಬರು. ಭಾನುವಾರದ ತನಕ ಇಡೋಣ ಎಂಬ ಮಾತು ಬಂತು. ಆದರೆ ಎಲ್ಲರಿಗೂ ಬಿಸಿಲು ಕಾಣುತ್ತಿತ್ತು. ಆಮೇಲೆ ಯಾರಿಗೋ ಯೋನಪ್ಪಜ್ಜನ ನೆನಪಾಯಿತು.

ಯೋನಪ್ಪಜ್ಜ ಸರ್ಕಾರದ ಲೆಕ್ಕದಲ್ಲಿ ಸತ್ತವನು. ಅದೇ ಹೆಸರಿನ ಬೇರೊಬ್ಬ ಸತ್ತಾಗ ಕಚೇರಿಯಲ್ಲಿ ಇವನ ಹೆಸರನ್ನು ಹೊಡೆದುಹಾಕಿದ್ದರು. ನಾನು ಇದ್ದೀನಿ ಎಂದು ಕೆಲವು ವರ್ಷ ಕಚೇರಿಗೆ ಅಲೆದು, ಕಡೆಗೆ ಇಲ್ಲದಿರುವುದೇ ಸುಖ ಎಂದು ಬಿಟ್ಟಿದ್ದ. ಊರಲ್ಲಿ ಸತ್ತವನು ಅಂತ ಇದ್ದರೆ ಅವನೊಬ್ಬನೇ. ಕರೆದ ಕೂಡಲೇ ಬಂದ, ಇಲ್ಲ ಎನ್ನಲಿಲ್ಲ. ಗುದ್ದಲಿ ತೆಗೆದುಕೊಂಡು ಸ್ಮಶಾನಕ್ಕೆ ಹೋದ. ನಾಲ್ಕಾರು ಜನ ಹಿಂದೆ ಹೋಗಿ ಬೇವಿನ ನೆರಳಲ್ಲಿ ನಿಂತರು. ಕೈ ಹಾಕುವ ಹಾಗಿಲ್ಲವಲ್ಲ.

ಇದು ಮಿರ್ಯಾಮವ್ವನ ಕಿವಿಗೆ ಬಿದ್ದದ್ದು ಆಮೇಲೆ. ಆಕೆ ಸೆರಗು ಹೊದ್ದು ಎದ್ದಳು. ಹೆಂಗಸರು ತಡೆದರು, ನಿಲ್ಲಲಿಲ್ಲ. ಸ್ಮಶಾನದಲ್ಲಿ ಯೋನಪ್ಪಜ್ಜ ಮೊಣಕಾಲುದ್ದವೂ ಇಲ್ಲದ ಒಂದು ಗುಂಡಿಯ ಅಂಚಿನಲ್ಲಿ ಕೂತು ಏದುಸಿರು ಬಿಡುತ್ತಿದ್ದ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

"ಸ್ವಲ್ಪ ದಮ್ಮ ತಗೊಂಡು ಮತ್ತ ಹತ್ತತೀನಿ, ತಂಗಿ," ಎಂದ. "ನಿನ್ನ ಗಂಡ ನನಗ ಊರಿಕೊಂಡು ನಡಿಯಾಕ ಬಡಿಗಿ ಮಾಡಿಕೊಟ್ಟಿದ್ದ, ರೊಕ್ಕ ಇಸಗೊಂಡಿರಲಿಲ್ಲ."

ಮಿರ್ಯಾಮವ್ವ ಅವನ ಕೈಯನ್ನು ತನ್ನ ಸೆರಗಿನಲ್ಲಿ ಒರೆಸಿದಳು. "ಸಾಕು ಅಜ್ಜ. ನೀ ಮನೀಗೆ ನಡಿ." ನೆರಳಿನಲ್ಲಿದ್ದವರ ಕಡೆಗೆ ತಿರುಗಿದಳು. "ನನ್ನ ಗಂಡ ಯಾರದೂ ಬಾಕಿ ಇಟ್ಟು ಕದ್ದು ಹೋಗಾಂವ ಅಲ್ಲ. ಹಿಂಗ ಕಿಂಡಿಯಾಗ ತೂರಿಸಿ ಕಳಿಸಬ್ಯಾಡ್ರಿ ಅವನ್ನ."

ಅಲ್ಲಿಂದ ನೇರ ದೇವಾಲಯಕ್ಕೆ ಹೋದಳು. ಏನು ಮಾಡಬೇಕೆಂದು ಅವಳಿಗೇ ಗೊತ್ತಿರಲಿಲ್ಲವಂತೆ. ಪ್ರಾರ್ಥನೆ ಮಾಡೋಣವೆಂದೇ ಹೋದದ್ದು ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು. ಒಳಗೆ ಜ್ಞಾನಮಿತ್ರರು ಮುಂದಿನ ಬೆಂಚಿನಲ್ಲಿ ಒಬ್ಬರೇ ಕೂತಿದ್ದರು. ಅವರೂ ಬೆಳಗಿನಿಂದ ಊಟ ಮಾಡಿರಲಿಲ್ಲ. ಆಕೆಯನ್ನು ನೋಡಿ ಎದ್ದರು, ಮತ್ತೆ ಕೂತರು.

ಮಿರ್ಯಾಮವ್ವ ವೇದಿಕೆಯ ಬಳಿ ಹೋಗಿ ಸೀಳಿನಲ್ಲಿ ನೋಡಿದಳು. ಸಾಲು ಅಲ್ಲೇ ಇತ್ತು. ಬುಧವಾರ ಮಧ್ಯಾಹ್ನವಾಗಿದ್ದರೂ ಇನ್ನೂ ಒದ್ದೆ. ಎಷ್ಟೋ ಹೊತ್ತು ಅದನ್ನೇ ನೋಡುತ್ತ ನಿಂತಳು.

"ಉಪದೇಶಿಗಳ, ಸತ್ತಾಂವ ಸತ್ತಾಂವನ್ನ ಹೂಣಿಡಾಕ ಬರೂದಿಲ್ಲ," ಎಂದಳು.

"ಬರೂದಿಲ್ಲ, ತಂಗಿ."

"ಅದು ಹೇಳಿದ ಕರ್ತರಿಗೂ ಗೊತ್ತಿತ್ತು."

"ಗೊತ್ತಿರಲಾರದ ಏನ."

"ಗೊತ್ತಿದ್ದೂ ಹೇಳ್ಯಾರ ಅಂದ್ರ, ಅವರು ಗುದ್ದಲಿ ಸಲಿಕಿ ಮಾತು ಆಡಿರಲಿಕ್ಕಿಲ್ಲ. ಮಾತು ಬ್ಯಾರೆ ಏನೋ ಐತಿ." ಬಟ್ಟೆಯ ಮೇಲೆ ಬೆರಳಿಟ್ಟು, "ಇದರ ಮ್ಯಾಲಿನ ಸಾಲು ಏನೈತಿ?" ಎಂದು ಕೇಳಿದಳು.

ಮನೆಮನೆಯಲ್ಲೂ ಬೈಬಲು ಇದೆ, ಎಲ್ಲರೂ ಓದಿದವರೇ. ಕಥೆ ಎಲ್ಲರಿಗೂ ಗೊತ್ತು. ಆದರೆ ಕಥೆ ಬೇರೆ, ವಾರದ ಸಾಲು ಬೇರೆ. ಒದ್ದೆಯಾದ ಸಾಲಿಗೆ ಮೇಲು ಕೆಳಗು ಇರುತ್ತದೆಂದು ನಮಗೆ ಹೊಳೆದೇ ಇರಲಿಲ್ಲ. ಜ್ಞಾನಮಿತ್ರರು ಹತ್ತಿರ ಬಂದರು. ಬಟ್ಟೆಯ ಅಂಚು ಹಿಡಿದರು, ಬಿಟ್ಟರು.

"ವಾರದ ನಡುವ ಯಾರೂ ಇದನ್ನ ತಗದಿಲ್ಲ."

"ತಗೀಬಾರದು ಅಂತ ಯಾವ ಸಾಲಿನ್ಯಾಗ ಬಂದಿತ್ತು?"

ಅವರು ಯೋಚಿಸಿದರು. ಅಂಥ ಸಾಲು ಬಂದಿರಲಿಲ್ಲ. ಇಬ್ಬರೂ ಎರಡು ತುದಿ ಹಿಡಿದು ಬಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಮಿರ್ಯಾಮವ್ವ ಮಕ್ಕಳಿಗೆ ಓದಿಸುವಾಗಿನಂತೆ ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ಕರ್ತರು ದಾರಿಯಲ್ಲಿ ನಡೆದು ಹೋಗುತ್ತಿದ್ದಾರೆ. ಒಬ್ಬನನ್ನು ನನ್ನ ಹಿಂದೆ ಬಾ ಎಂದು ಕರೆದಿದ್ದಾರೆ. ಅವನು, ಮೊದಲು ಹೋಗಿ ನನ್ನ ತಂದೆಯನ್ನು ಹೂಣಿಟ್ಟು ಬರುತ್ತೇನೆ ಎಂದಿದ್ದಾನೆ. ಅದಕ್ಕೆ ಅವನಿಗೆ ಈ ಮಾತು. ಕೆಳಗಿನ ಸಾಲಿನಲ್ಲಿ ಇನ್ನೊಬ್ಬ, ಬರುತ್ತೇನೆ, ಆದರೆ ಮೊದಲು ಮನೆಯವರಿಗೆ ಹೇಳಿಬರುತ್ತೇನೆ ಎನ್ನುತ್ತಿದ್ದಾನೆ.

"ಇಲ್ಲಿ 'ಅವನಿಗೆ' ಅಂತ ಐತ್ರಿ," ಎಂದಳು ಮಿರ್ಯಾಮವ್ವ. "ಬಟ್ಟಿಯೊಳಗ ಮುಚ್ಚಿಹೋಗಿತ್ತು. ಅವನಿಗೆ ಹೇಳಿದ್ದು. ಊರಿಗೆಲ್ಲ ಅಲ್ಲ."

ಜ್ಞಾನಮಿತ್ರರು ಬಗ್ಗಿ ಆ ಪದವನ್ನು ನೋಡಿದರು, ಅದು ಅಲ್ಲಿ ಹೊಸದಾಗಿ ಬಂದು ಕೂತಿದೆಯೋ ಎಂಬಂತೆ. "ಆದರೂ ಅವನಪ್ಪನೂ ಸತ್ತಿದ್ನಲ್ಲ, ತಂಗಿ. ಅವನಿಗೂ ಹೂಣಿಡಬ್ಯಾಡ ಅಂದಂಗ ಆತಲ್ಲ."

"ಮನ್ಯಾಗ ಅಪ್ಪನ ಹೆಣ ಇಟಗೊಂಡು ಮಗ ದಾರ್ಯಾಗ ನಿಂತು ಮಾತಾಡ್ತಾನೇನ್ರಿ? ನಾ ಈಗ ಬಂದೀನಿ, ಎಂಥಾ ತಡಿಲಾರದ್ದಕ್ಕ ಬಂದೀನಿ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಮ್ಮೂರಾಗ ಅನ್ನೂದಿಲ್ಲೇನು, ಅಪ್ಪನ್ನ ಮಣ್ಣು ಮಾಡೋತನಕ ನಾ ಊರು ಬಿಡಂಗಿಲ್ಲ ಅಂತ? ಅಂದಾವ್ರ ಅಪ್ಪಂದಿರು ಕಟ್ಟಿ ಮ್ಯಾಲ ಎಲಿ ಅಡಿಕಿ ತಿಂಕೋತ ಕೂತಿರ್ತಾರ. ಇವನ ಅಪ್ಪನೂ ಹಂಗ ಕೂತಿದ್ದಾನು. ಇಂವ ನೆವಾ ಹೇಳ್ಯಾನ. ನೆವಾ ಹೇಳಿದಾಂವಗ ಅವರು ಹಂಗ ಅಂದಾರ."

ಉಪದೇಶಿಗಳು ದಡ್ಡರೇನಲ್ಲ, ಹಟಮಾರಿಯೂ ಅಲ್ಲ. ಊರಿನ ವಾರವನ್ನು ಕೈಯಲ್ಲಿ ಹಿಡಿದವರು. ಬೀಳಿಸಿದರೆ ಎಂಬ ಭಯ. "ನೀ ಅನ್ನೂದು ಖರೇ ಇರಬಹುದು," ಎಂದರು. "ನಮಗ ಬೇಕಾದಂಗ ತಿರುವಿಕೊಂಡಂಗ ಆದ್ರ? ನಾಳೆ ಇನ್ನೊಬ್ಬ ಬಂದು, ಕದೀಬ್ಯಾಡ ಅಂದದ್ದೂ ಅವನಿಗೆ, ನನಗಲ್ಲ, ಅಂತಾನ."

"ಅಂತಾನ. ಅವನಿಗೂ ಮ್ಯಾಲ ಕೆಳಗ ಓದು ಅಂತ ಹೇಳೂಣು. ಓದಿದ್ರ ಕದಿಯಾಕ ಎಲ್ಲಿಯೂ ಜಾಗ ಸಿಗೂದಿಲ್ಲ. ಬಲಗೈ ಸಾಲು ಬಂದಾಗ ನಾವು ಕೈ ಕಡಕೊಳ್ಳಲಿಲ್ಲಲ್ಲ, ಆವಾಗ ಯಾವ ಬುದ್ಧಿ ಉಪಯೋಗಿಸಿದ್ವಿ? ಆ ಬುದ್ಧೀನ ಕೈಗೆ ಕಟ್ಟಿ ಅಲ್ಲಿಗೇ ಬಿಟ್ಟಿವಿ. ಆ ಸಾಲಿನ ಅರ್ಥ ಏನಂತ ಆವಾಗೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಮಕ್ಕಳಿಗೆ ಕೈ ಕಟ್ಟಿದಾಕಿ ನಾನ."

ಆಗ ಜ್ಞಾನಮಿತ್ರರು ಪುಟ ತಿರುವಿದರು. ಒಂದೊಂದಾಗಿ, ಎಚ್ಚರಿಕೆಯಿಂದ, ಆ ಸುವಾರ್ತೆಯ ಕೊನೆಯ ತನಕ. ಒಂದು ಕಡೆ ನಿಲ್ಲಿಸಿ ಬೆರಳು ತೋರಿಸಿದರು. "ಅರಿಮಥಾಯದ ಯೋಸೇಫ," ಎಂದರು. "ಕರ್ತನ ದೇಹ ಕೇಳಿಕೊಂಡು, ಇಳಿಸಿ, ನಾರುಮಡಿಯೊಳಗ ಸುತ್ತಿ, ಸಮಾಧಿಯೊಳಗ ಇಟ್ಟ. ಬದುಕಿದ್ದಾಂವ. ಅವನ್ನ ಒಳ್ಳೇವ ಅಂತ ಕರದೈತಿ ಇಲ್ಲಿ." ಕನ್ನಡಕ ತೆಗೆದರು. "ಅಂವ ನಮ್ಮೂರಾಂವ ಆಗಿದ್ರ ಅವತ್ತು ಕರ್ತನ ದೇಹ ಶಿಲುಬಿ ಮ್ಯಾಲ ಉಳೀತಿತ್ತು."

"ಭಾನುವಾರ ಸಾಲು ಬರದ ಹೋದ್ರ?" ಎಂದರು ಆಮೇಲೆ, ಮಗುವಿನ ಹಾಗೆ.

"ಬರದಿದ್ರ ಉಳಿದ ಪುಸ್ತಕ ಇರ್ತೈತಲ್ರಿ," ಎಂದಳು ಮಿರ್ಯಾಮವ್ವ.

ಇಬ್ಬರೂ ಹೊರಗೆ ಬಂದಾಗ ಉಪದೇಶಿಗಳ ಕೈಯಲ್ಲಿ ದೇವಾಲಯದ ತೋಟದ ಸಲಿಕೆಯಿತ್ತು. ಮನೆಯ ಅಂಗಳದಲ್ಲಿ ನಿಂತು ಅವರು ಆದದ್ದನ್ನೆಲ್ಲ ಹೇಳಿದರು. ಮೇಲಿನ ಸಾಲು, ಕೆಳಗಿನ ಸಾಲು, ಯೋಸೇಫನ ಮಾತು. ಕೊನೆಯಲ್ಲಿ, "ನಾ ಕುಣಿ ತೋಡಾಕ ಹೊಂಟೀನಿ. ಬರಾವ್ರು ಬರ್ರಿ. ಬರಲಾರದಾವ್ರ ಮ್ಯಾಲ ನನಗ ಸಿಟ್ಟಿಲ್ಲ," ಎಂದರು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುವಾರ್ತಪ್ಪ ಪಡಸಾಲೆಯಿಂದ ಎದ್ದು ಬಂದ. ಎಲ್ಲರೂ ಅವನು ಗುದ್ದಲಿ ಹಿಡಿಯುತ್ತಾನೆಂದುಕೊಂಡರು.

"ಅವ್ವ, ನಾ ಬರೂದಿಲ್ಲ," ಎಂದ ಮಿರ್ಯಾಮವ್ವನಿಗೆ.

"ನೀನ ಬರಲಿಲ್ಲಂದ್ರ ಹೆಂಗ, ಸುವಾರ್ತಪ್ಪ."

"ನನ್ನ ತಮ್ಮಗ ಮತ್ತ ನನಗ ಹನ್ನೆರಡು ವರ್ಷ ಮಾತಿರಲಿಲ್ಲ. ಕಾಣಿಕಿ ಬಿಟ್ಟು ಮೊದಲು ಹೋಗಿ ತಮ್ಮನ ಸಂಗತಿ ಒಂದಾಗು ಅಂತ ಸಾಲು ಬಂತು. ಹೋದ್ನಿ. ಅದು ಯಾರಿಗೆ ಹೇಳಿದ್ದು, ಏನು ಅಂತ ಕೇಳಿಕೋತ ಕೂತಿದ್ರ ನಾ ಹೋಗ್ತಿರಲಿಲ್ಲ. ಮುಂದ ಒಂದ ತಿಂಗಳಿಗೆ ಅಂವ ತೀರಿಹೋದ. ಆ ಸಾಲಿನ ಋಣ ನನ್ನ ಮ್ಯಾಲೈತಿ. ನನಗ ಬೇಕಾದಾಗ ಕೇಳಿ, ಬ್ಯಾಡಾದಾಗ ಬಿಡಾಕ ನನಗ ಆಗೂದಿಲ್ಲ."

ಮಿರ್ಯಾಮವ್ವ ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟಳು. ಸುವಾರ್ತಪ್ಪ ಒಳಗೆ ಹೋಗಿ, ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂರುತ್ತದೋ ಎಂದು ಇನ್ನೊಂದು ಸಲ ಕೈಯಾಡಿಸಿ ನೋಡಿ, ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ.

ಊರಿನಲ್ಲಿ ಅರ್ಧ ಜನ ಬಂದರು, ಅರ್ಧ ಜನ ಬರಲಿಲ್ಲ. ಕುಣಿಯನ್ನು ಜ್ಞಾನಮಿತ್ರರು ಶುರುಮಾಡಿದರು. ಅವರಿಗೆ ಅಗೆಯುವ ಅಭ್ಯಾಸವಿರಲಿಲ್ಲ, ಬೇಗನೆ ಬೇರೆಯವರು ಸಲಿಕೆ ಇಸಿದುಕೊಂಡರು. ನಾನೂ ಅಗೆದೆ. ಬಿಸಿಲು ಇಳಿಯುವ ಹೊತ್ತಿಗೆ ಎಲೀಶಪ್ಪನನ್ನು ಇಳಿಸಿದೆವು. ಮಿರ್ಯಾಮವ್ವನೇ ಹಾಡು ಎತ್ತಿಕೊಟ್ಟಳು; ಎರಡನೆಯ ಚರಣದಲ್ಲಿ ದನಿ ನಿಂತಿತು, ಉಳಿದವರು ಮುಂದುವರಿಸಿದರು. ಮೊದಲ ಹಿಡಿ ಮಣ್ಣು ಹಾಕುವಾಗ ಎಲ್ಲರೂ ಒಂದು ಕ್ಷಣ ಆಕಾಶದ ಕಡೆ ನೋಡಿದ್ದು ನಿಜ. ಏನೂ ಆಗಲಿಲ್ಲ. ಕೊಕ್ಕರೆಗಳು ಕೆರೆಯ ಕಡೆ ಹೋಗುತ್ತಿದ್ದವು.

ಗುರುವಾರದಿಂದ ಶನಿವಾರದ ತನಕ ಊರು ಮೆತ್ತಗೆ ನಡೆಯಿತು. ಹೋದವರು ಹೋಗದವರ ಕಣ್ಣು ತಪ್ಪಿಸಿದರು, ಹೋಗದವರು ಹೋದವರ ಕಣ್ಣು ತಪ್ಪಿಸಿದರು. ಭಾನುವಾರ ದೇವಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಿರ್ಯಾಮವ್ವ ತನ್ನ ಜಾಗದಲ್ಲಿ ಕೂತಿದ್ದಳು, ಪಕ್ಕದಲ್ಲಿ ಯಾರೂ ಕೂತಿರಲಿಲ್ಲ. ಸುವಾರ್ತಪ್ಪ ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ಜ್ಞಾನಮಿತ್ರರು ವೇದಿಕೆ ಹತ್ತಿದರು, ಬಗ್ಗಿ ನೋಡಿದರು, ಬೆರಳಿಟ್ಟರು. ಬೆರಳನ್ನೆತ್ತಿ ಎಲ್ಲರಿಗೂ ತೋರಿಸಿದರು. ಒದ್ದೆಯಾಗಿತ್ತು. ಊರು ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಸಾಲು ಹೀಗಿತ್ತು: ಇನ್ನು ಬರೀ ನೀರು ಕುಡಿಯಬೇಡ, ಹೊಟ್ಟೆಯ ಸಲುವಾಗಿ ಸ್ವಲ್ಪ ದ್ರಾಕ್ಷಾರಸವನ್ನೂ ತೆಗೆದುಕೋ.

ಹಿಂದಿನ ಭಾನುವಾರವಾಗಿದ್ದರೆ ಜನ ಅಲ್ಲಿಂದಲೇ ದ್ರಾಕ್ಷಿ ಹುಡುಕಲು ಹೊರಡುತ್ತಿದ್ದರು. ಈಗ ಯಾರೂ ಕದಲಲಿಲ್ಲ. ಉಪದೇಶಿಗಳು ಬಿಳಿ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು, ಹೊದಿಸಲಿಲ್ಲ. ಆಗ ನಡುವಿನ ಬೆಂಚಿನಿಂದ ಯೋನಪ್ಪಜ್ಜ ಎದ್ದ. "ಉಪದೇಶಿಗಳ, ಇದು ಯಾರ ಹೊಟ್ಟಿಗೆ ಹೇಳಿದ್ದು?" ಎಂದು ಕೇಳಿದ.

ಯಾರೋ ನಕ್ಕರು, ಆಮೇಲೆ ಬಹಳ ಜನ ನಕ್ಕರು. ಜ್ಞಾನಮಿತ್ರರು ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟು, ಆ ಸಾಲು ಇದ್ದ ಪತ್ರವನ್ನು ಮೊದಲಿನಿಂದ ಓದತೊಡಗಿದರು. ಹಿರಿಯನೊಬ್ಬ ದೂರದಲ್ಲಿರುವ, ಮಗನಂಥ ಹುಡುಗನಿಗೆ ಬರೆದದ್ದು. ಆ ಹುಡುಗನಿಗೆ ಪದೇಪದೇ ಹೊಟ್ಟೆನೋವು. ಓದಿ ಮುಗಿಸುವ ಹೊತ್ತಿಗೆ ಹೊರಗೆ ಬಿಸಿಲು ನೆತ್ತಿಗೆ ಬಂದಿತ್ತು. ಆ ವಾರ ನಮ್ಮ ಊರಲ್ಲಿ ಹೊಟ್ಟೆನೋವಿದ್ದವರ ಮನೆಗೆ ಜೀರಿಗೆ ಕಷಾಯ ಹೋಯಿತು. ಮಿಕ್ಕವರು ನೀರೇ ಕುಡಿದರು. ಹೀಗಲ್ಲ ಹಾಗೆ ಎಂದು ಕಟ್ಟೆಯ ಮೇಲೆ ವಾದಗಳಾದವು, ಈಗಲೂ ಆಗುತ್ತವೆ. ಸಾಲು ಕೈಗೆ ಬಂದು ಕೂರುವ ಸುಖ ಹೋಯಿತೆಂದು ಗೊಣಗುವವರೂ ಇದ್ದಾರೆ.

ಸೋಮವಾರ ಬೆಳಿಗ್ಗೆ ಮಿರ್ಯಾಮವ್ವ ಸ್ಮಶಾನಕ್ಕೆ ಹೊರಟಾಗ ನಾನೂ ಜೊತೆಗೆ ಹೋದೆ. ಸುವಾರ್ತಪ್ಪ ಆಗಲೇ ಅಲ್ಲಿದ್ದ. ಕುಸಿದಿದ್ದ ಮಣ್ಣನ್ನು ಏರಿಸಿ, ಸುತ್ತಲೂ ಕಲ್ಲು ಕೂಡಿಸಿ, ಒಂದು ಬಕೆಟ್ಟಿನಲ್ಲಿ ಸುಣ್ಣ ಕಲಸಿಟ್ಟುಕೊಂಡು ಸುಮ್ಮನೆ ಕೂತಿದ್ದ. ಕುಂಚ ಒಣಗಿಯೇ ಇತ್ತು.

"ಯಾಕ ಕೂತಿ?" ಎಂದಳು ಮಿರ್ಯಾಮವ್ವ.

"ಮಣ್ಣು ಹಾಕಾಕ ಬರಲಿಲ್ಲ. ಸುಣ್ಣರ ಹಚ್ಚೂಣು ಅಂತ ಬಂದ್ನಿ." ಅವನು ತಲೆ ಎತ್ತಲಿಲ್ಲ. "ಕಲಸಿದ ಮ್ಯಾಲ ನೆನಪಾತು. ಸುಣ್ಣ ಹಚ್ಚಿದ ಸಮಾಧಿ ಅಂತ ಕರ್ತರು ಬೈದಾರ. ಒಳಗ ಎಲುಬು, ಮ್ಯಾಲ ಬಿಳುಪು ಅಂತ."

"ಯಾರಿಗೆ ಬೈದಾರ?"

ಸುವಾರ್ತಪ್ಪ ಕುಂಚವನ್ನು ಕೈಯಲ್ಲಿ ತಿರುಗಿಸಿದ. ಅವನು ಯಾವುದನ್ನೂ ಬೇಗ ಹೇಳುವವನಲ್ಲ. "ಒಳಗೊಂದು ಹೊರಗೊಂದು ಇದ್ದಾವ್ರಿಗೆ," ಎಂದ ಕಡೆಗೆ. ಆಮೇಲೆ ಮಣ್ಣಿನ ಕಡೆ ನೋಡಿ, ತನಗೇ ಹೇಳಿಕೊಳ್ಳುವವನಂತೆ, "ಇಂವ ಹಂಗಿರಲಿಲ್ಲ," ಎಂದ.

"ಇರಲಿಲ್ಲ," ಎಂದಳು ಮಿರ್ಯಾಮವ್ವ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಕೆಟ್ಟನ್ನು ಅವನ ಹತ್ತಿರಕ್ಕೆ ಸರಿಸಿದಳು. "ತಲಿ ಕಡೆಯಿಂದ ಹಚ್ಚು. ಬಿಸಲು ಏರೂದ್ರಾಗ ಮುಗೀಬೇಕು."